ಹಳೆಯ ಆರ್‌ಸಿ ಕಾರಿಗೆ ಹೊಸ ಎಲೆಕ್ಟ್ರಾನಿಕ್ಸ್ ಅಳವಡಿಸುವುದು ಹೇಗೆ?

ತಮಿಯಾ ಕಂಪನಿ 1984ರಲ್ಲಿ ಹೊರತಂದ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್‌ನಂಥ ರೇಡಿಯೊ ನಿಯಂತ್ರಿತ ಕಾರುಗಳು ವರ್ಷಗಟ್ಟಲೆ ಮೂಲೆಯಲ್ಲಿದ್ದು ಓಡದಂತಾಗಿದ್ದರೆ, ಗೇರುಗಳಿಗಿಂತ ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿ, ಸ್ಪೀಡ್ ಕಂಟ್ರೋಲರ್ ಮತ್ತು ರೇಡಿಯೊಗಳನ್ನು. ಈ ಮೂರನ್ನೂ ಬದಲಿಸುವುದು ಕಷ್ಟವಲ್ಲ. ಹೊಸ ಭಾಗಗಳ ಶಕ್ತಿಯನ್ನು ಹಳೆಯ ಪ್ಲಾಸ್ಟಿಕ್ ತಾಳುವಷ್ಟಕ್ಕೆ ಮಿತಗೊಳಿಸುವುದೇ ಇಲ್ಲಿನ ನಿಜವಾದ ಕೆಲಸ.

ಬಿಚ್ಚುವ ಮುನ್ನ ವೈರುಗಳ ಜೋಡಣೆಯ ಫೋಟೊ ತೆಗೆದಿಟ್ಟುಕೊಳ್ಳಬೇಕು. ಗೇರ್‌ಬಾಕ್ಸ್‌ನಲ್ಲಿ ಒಣಗಿರುವ ಗ್ರೀಸನ್ನು ಒರೆಸಿ, ಪ್ಲಾಸ್ಟಿಕ್‌ಗೆ ಹೊಂದುವ ಹೊಸ ಗ್ರೀಸ್ ಹಚ್ಚಬೇಕು. ಚಕ್ರಗಳಲ್ಲಿ ಬುಶ್‌ಗಳೆಂಬ ಸಾದಾ ಬಳೆಗಳಿದ್ದರೆ ಬಾಲ್ ಬೇರಿಂಗ್ ಹಾಕುವುದು ಸಣ್ಣ ಖರ್ಚಿನಲ್ಲಿ ದೊರೆಯುವ ದೊಡ್ಡ ಸುಧಾರಣೆ.

ಮೋಟಾರಿನ ವಿಷಯದಲ್ಲಿ ತಿರುಗುವ ಸುರುಳಿಗೆ ವಿದ್ಯುತ್ ಮುಟ್ಟಿಸುವ ಬ್ರಶ್‌ಗಳಿಲ್ಲದ, ಹೆಚ್ಚು ಶಕ್ತಿಯ ಬ್ರಶ್‌ಲೆಸ್ ಮೋಟಾರಿನ ಆಸೆ ಹುಟ್ಟುವುದು ಸಹಜ. ಆದರೆ ಸಾಧಾರಣ ಮೋಟಾರಿಗೆಂದು ರೂಪಿಸಿದ ಗೇರುಗಳ ಹಲ್ಲು ಅದರ ಎಳೆತಕ್ಕೆ ಸವೆದು ಮುರಿಯಬಹುದಾದ್ದರಿಂದ, ಮೂಲದಲ್ಲಿದ್ದ ಅಳತೆಯ ಬ್ರಶ್ ಮೋಟಾರನ್ನೇ ಉಳಿಸಿಕೊಳ್ಳುವುದು ಲೇಸು. ಅದರ ಎರಡು ಟರ್ಮಿನಲ್‌ಗಳ ನಡುವೆ ಒಂದು, ಪ್ರತಿ ಟರ್ಮಿನಲ್‌ನಿಂದ ಲೋಹದ ಕವಚಕ್ಕೆ ಒಂದೊಂದು, ಹೀಗೆ ಮೂರು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್‌ಗಳನ್ನು ಬೆಸುಗೆ ಹಾಕಿದರೆ ಬ್ರಶ್‌ಗಳ ಕಿಡಿಯಿಂದ ಹುಟ್ಟುವ ವಿದ್ಯುತ್ ಅಡಚಣೆ ತಗ್ಗುತ್ತದೆ.

ಹಳೆಯ ಯಾಂತ್ರಿಕ ಸ್ಪೀಡ್ ಕಂಟ್ರೋಲರ್‌ನಲ್ಲಿ ಸರ್ವೊ ಎಂಬ ಪುಟ್ಟ ಮೋಟಾರು ಘಟಕ ಒಂದು ತೋಳನ್ನು ತಿರುಗಿಸಿ ವಿದ್ಯುತ್ತನ್ನು ರೆಸಿಸ್ಟರ್ ಮೂಲಕ ಹರಿಸುತ್ತಿತ್ತು. ಕಾರು ನಿಧಾನವಾಗಿ ಹೋಗುವಾಗ ಬ್ಯಾಟರಿಯ ಒಂದು ಪಾಲು ಬರೀ ಶಾಖವಾಗಿ ಪೋಲಾಗುತ್ತಿತ್ತು. ಇಎಸ್‌ಸಿ ಎಂಬ ಎಲೆಕ್ಟ್ರಾನಿಕ್ ಕಂಟ್ರೋಲರ್ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಹರಿಸಿ ತಡೆದು ವೇಗವನ್ನು ನಿಯಂತ್ರಿಸುವುದರಿಂದ ಈ ನಷ್ಟ ಬಹುಮಟ್ಟಿಗೆ ಇಲ್ಲವಾಗುತ್ತದೆ. ಬ್ರಶ್ ಮೋಟಾರಿಗೆ ಹೊಂದುವ, ರಿವರ್ಸ್ ಇರುವ ಇಎಸ್‌ಸಿಯನ್ನೇ ಆರಿಸಬೇಕು. ಅದರಲ್ಲಿರುವ ಬಿಇಸಿ ಎಂಬ ಭಾಗವೇ, ಕಾರಿನಲ್ಲಿ ರೇಡಿಯೊ ಸಂಕೇತ ಹಿಡಿಯುವ ರಿಸೀವರ್‌ಗೆ ವಿದ್ಯುತ್ ಒದಗಿಸುವುದರಿಂದ ನಾಲ್ಕು ಸೆಲ್‌ಗಳ ಹಳೆಯ ಡಬ್ಬಿಯನ್ನು ತೆಗೆದುಹಾಕಬೇಕು. ಎರಡನ್ನೂ ಒಟ್ಟಿಗೆ ಜೋಡಿಸಲೇಬಾರದು.

ಚಾನೆಲ್ ನಿರ್ಧರಿಸಲು ಕ್ರಿಸ್ಟಲ್ ಹಾಕುವ 27 ಮೆಗಾಹರ್ಟ್ಸ್ ರೇಡಿಯೊದ ಜಾಗಕ್ಕೆ 2.4 ಗಿಗಾಹರ್ಟ್ಸ್ ಸೆಟ್ ಬಂದರೆ, ಉದ್ದನೆಯ ಆಂಟೆನಾದ ಕಾಟವೂ ಪಕ್ಕದ ಕಾರಿನ ಚಾನೆಲ್‌ನ ತಂಟೆಯೂ ತಪ್ಪುತ್ತವೆ. ರಿಸೀವರನ್ನು ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್‌ಗೆ ಬೈಂಡ್ ಮಾಡಿದ, ಅಂದರೆ ಜೋಡಿ ಮಾಡಿದ ಮೇಲೆ, ಸಿಗ್ನಲ್ ಕಡಿದಾಗ ಕಾರು ತಾನಾಗಿ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸುವುದನ್ನು ಮರೆಯಬಾರದು. ಹಳೆಯ ಸರ್ವೊಗಳ ಪ್ಲಗ್‌ನಲ್ಲಿ ವೈರುಗಳ ಕ್ರಮ ಬೇರೆ ಇರಬಹುದಾದ್ದರಿಂದ ಸ್ಟಿಯರಿಂಗ್‌ಗೆ ಹೊಸ ಸರ್ವೊ ಹಾಕುವುದು ಸುರಕ್ಷಿತ. ಅದರ ಶಾಫ್ಟಿನ ಹಲ್ಲುಗಳು ಕಂಪನಿಗೆ ತಕ್ಕಂತೆ 23, 24 ಅಥವಾ 25 ಇರುತ್ತವೆ. ಆಘಾತದಿಂದ ಸರ್ವೊವನ್ನು ಕಾಯುವ ಸರ್ವೊ ಸೇವರ್ ಅದಕ್ಕೆ ಹೊಂದಬೇಕು.

ಬ್ಯಾಟರಿಗೆ ಆರು ಸೆಲ್‌ಗಳ 7.2 ವೋಲ್ಟ್ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಸಾಕು. ಲಿಪೊ (ಲಿಥಿಯಂ ಪಾಲಿಮರ್) ಬೇಕೆನ್ನುವವರು ಎರಡು ಸೆಲ್‌ಗಳದ್ದನ್ನು ಬಳಸಬಹುದು. ಪೂರ್ತಿ ಚಾರ್ಜ್ ಆದಾಗ ಅದು 8.4 ವೋಲ್ಟ್ ಇರುತ್ತದೆ. ಪ್ರತಿ ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿಯದಂತೆ ಇಎಸ್‌ಸಿಯಲ್ಲಿ ಕಟ್‌ಆಫ್ ಹೊಂದಿಸಬೇಕು, ಎರಡೂ ಸೆಲ್‌ಗಳನ್ನು ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಅನ್ನೇ ಬಳಸಬೇಕು.

ಕೊನೆಗೆ ಚಕ್ರಗಳು ನೆಲಕ್ಕೆ ತಾಗದಂತೆ ಕಾರನ್ನು ಎತ್ತಿಟ್ಟು, ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ಕಾರನ್ನು ಆನ್ ಮಾಡಿ ಥ್ರಾಟಲ್ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ವೇಗದ ಟ್ರಿಗರಿನ ಮಿತಿಗಳನ್ನು ಇಎಸ್‌ಸಿಗೆ ಗುರುತು ಮಾಡಿಕೊಡಬೇಕು. ಚಕ್ರ ಹಿಮ್ಮುಖವಾಗಿ ತಿರುಗಿದರೆ ಮೋಟಾರಿನ ಎರಡು ವೈರುಗಳನ್ನು ಅದಲುಬದಲು ಮಾಡಬೇಕೇ ಹೊರತು ಬ್ಯಾಟರಿಯ ವೈರುಗಳನ್ನಲ್ಲ. ಐದು ನಿಮಿಷ ಓಡಿಸಿ ನಿಲ್ಲಿಸಿದಾಗ ಮೋಟಾರು ಬೆರಳಿಡಲಾಗದಷ್ಟು ಕಾದಿದ್ದರೆ, ಗೇರುಗಳು ಬಿಗಿಯಾಗಿವೆಯೇ ಎಂದು ನೋಡಿ, ಇಲ್ಲವಾದರೆ ಮೋಟಾರಿನ ಶಾಫ್ಟಿಗೆ ಕಡಿಮೆ ಹಲ್ಲುಗಳ ಪಿನಿಯನ್ ಗೇರ್ ಹಾಕಬೇಕು.