ಟ್ರಮಡಾಲ್ ಸಾಕೇ, ಮಾರ್ಫಿನ್ ಬೇಕೇ? ಮುಂದುವರಿದ ಕ್ಯಾನ್ಸರ್‌ನ ನೋವಿಗೆ ಓಪಿಯಾಯ್ಡ್ ಆರಿಸುವ ಬಗೆ

ಓಪಿಯಾಯ್ಡ್ ಎಂದರೆ ಅಫೀಮಿನ ಗುಂಪಿಗೆ ಸೇರಿದ ನೋವು ನಿವಾರಕ. ಅವುಗಳಲ್ಲಿ ಕೊಡೀನ್, ಟ್ರಮಡಾಲ್ ಸೌಮ್ಯ, ಮಾರ್ಫಿನ್ ಎಂದರೆ ಕೊನೆಯ ಅಸ್ತ್ರ ಎಂದುಕೊಂಡು ರೋಗಿಯನ್ನು ವಾರಗಟ್ಟಲೆ ನರಳಿಸುವುದುಂಟು. ಅಸಲು ವ್ಯತ್ಯಾಸ ಇರುವುದು ಡೋಸ್‌ನ ಮಿತಿಯಲ್ಲಿ. ಕೊಡೀನ್ ದಿನಕ್ಕೆ 240 ಮಿ.ಗ್ರಾಂ, ಟ್ರಮಡಾಲ್ 400 ಮಿ.ಗ್ರಾಂ ದಾಟಬಾರದು, ದಾಟಿದರೆ ಅಡ್ಡಪರಿಣಾಮವೇ ಹೆಚ್ಚು, ಟ್ರಮಡಾಲ್‌ನಿಂದ ಫಿಟ್ಸ್ ಕೂಡ ಬರಬಹುದು. ಮಾರ್ಫಿನ್‌ಗೆ ಇಂಥ ನಿಗದಿತ ಗರಿಷ್ಠ ಡೋಸ್ ಇಲ್ಲ. ನೋವು ಮತ್ತು ಅಡ್ಡಪರಿಣಾಮ ನೋಡಿಕೊಂಡು ಏರಿಸುತ್ತ ಹೋಗಬಹುದು.

ಕೊಡೀನ್‌ಗೆ ಇನ್ನೊಂದು ತೊಡಕಿದೆ. ಯಕೃತ್ತಿನಲ್ಲಿ ಅದು ಮಾರ್ಫಿನ್ ಆಗಿ ಬದಲಾದರಷ್ಟೇ ನೋವು ತಗ್ಗುತ್ತದೆ. ಆ ಬದಲಾವಣೆ ಮಾಡುವ ಕಿಣ್ವ ಕೆಲವರಲ್ಲಿ ಕೆಲಸವನ್ನೇ ಮಾಡದು, ಕೆಲವರಲ್ಲಿ ಅತಿವೇಗ. ಒಬ್ಬರಿಗೆ ನೀರು ಕುಡಿದಂತೆ, ಇನ್ನೊಬ್ಬರಿಗೆ ಅದೇ ಮಾತ್ರೆಯಿಂದ ವಿಪರೀತ ಮಂಪರು.

ಕ್ಯಾನ್ಸರ್ ನೋವಿಗೆ ಹಂತಹಂತವಾಗಿ ಔಷಧ ಏರಿಸಲು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕೊಟ್ಟ ಏಣಿಯಲ್ಲಿ ಕೊಡೀನ್, ಟ್ರಮಡಾಲ್‌ನಂಥ ದುರ್ಬಲ ಓಪಿಯಾಯ್ಡ್ ಎರಡನೆಯ ಮೆಟ್ಟಿಲು. ಅದನ್ನು ಹತ್ತಲೇಬೇಕೆಂದಿಲ್ಲ. ಮಧ್ಯಮ ನೋವಿದ್ದ 240 ಕ್ಯಾನ್ಸರ್ ರೋಗಿಗಳ ಮೇಲೆ ಇಟಲಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ಡೋಸ್ ಮಾರ್ಫಿನ್ ಪಡೆದವರಲ್ಲಿ ಸುಮಾರು 88% ಜನರಿಗೆ ನೋವು ಕನಿಷ್ಠ ಐದನೇ ಒಂದು ಭಾಗ ತಗ್ಗಿತು. ದುರ್ಬಲ ಓಪಿಯಾಯ್ಡ್ ಪಡೆದವರಲ್ಲಿ 55%. ನೋವು ಬೇಗ ಏರುವ ಲಕ್ಷಣವಿದ್ದರೆ ಸಣ್ಣ ಡೋಸ್ ಮಾರ್ಫಿನ್‌ನಿಂದಲೇ ಶುರುಮಾಡುವುದು ಮೇಲು.

ಟ್ರಮಡಾಲ್‌ನಿಂದ ಮಾರ್ಫಿನ್‌ಗೆ ಬದಲಾಯಿಸುವ ಲೆಕ್ಕ ವೈದ್ಯರದ್ದೇ ಆದರೂ ಮನೆಯವರಿಗೂ ಗೊತ್ತಿರಲಿ. ಟ್ರಮಡಾಲ್ 200 ಮಿ.ಗ್ರಾಂ ಸುಮಾರು 20 ಮಿ.ಗ್ರಾಂ ಮಾರ್ಫಿನ್‌ಗೆ ಸಮ. ಟ್ರಮಡಾಲ್ ನಿಲ್ಲಿಸಿ, 4 ಗಂಟೆಗೊಮ್ಮೆ 5 ಮಿ.ಗ್ರಾಂ ಮಾರ್ಫಿನ್, ವಯಸ್ಸಾದವರಿಗೆ, ನಿತ್ರಾಣರಿಗೆ 2.5. ನಡುವೆ ನೋವು ಉಕ್ಕಿದರೆ ದಿನದ ಒಟ್ಟು ಡೋಸ್‌ನ ಆರನೇ ಒಂದರಿಂದ ಹತ್ತನೇ ಒಂದು ಭಾಗ ಹೆಚ್ಚುವರಿ. ದಿನದ 30 ಮಿ.ಗ್ರಾಂ ಜೊತೆ ಮೂರು ಸಲ 5 ಬೇಕಾಯಿತೇ? ಒಟ್ಟು 45. ಮರುದಿನ ಪ್ರತಿ ಡೋಸ್ 7.5. ಅದಕ್ಕೇ ಕೊಟ್ಟ ಪ್ರತಿ ಡೋಸನ್ನೂ ಗಂಟೆ ಸಮೇತ ಬರೆದಿಡಿ.

ಎಡವುವುದು ಹೆಚ್ಚಾಗಿ ದ್ರವರೂಪದ ಮಾರ್ಫಿನ್‌ನಲ್ಲಿ. 5 ಮಿ.ಲೀ.ಗೆ 10 ಮಿ.ಗ್ರಾಂ ಇರುವ ಬಾಟಲಿಯಿಂದ 5 ಮಿ.ಗ್ರಾಂ ಬದಲು 5 ಮಿ.ಲೀ. ಎಳೆದರೆ ಡೋಸ್ ದುಪ್ಪಟ್ಟು, ಬೇಕಿದ್ದುದು 2.5 ಮಿ.ಲೀ. ಚಮಚ ಬಿಟ್ಟು ಸಿರಿಂಜ್ ಬಳಸಿ. ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಲೇಬೇಡಿ, ಹಲವು ಗಂಟೆಗಳ ಪಾಲು ಒಮ್ಮೆಲೇ ರಕ್ತ ಸೇರುತ್ತದೆ.

ವಾಕರಿಕೆ, ತೂಕಡಿಕೆ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತವೆ. ಮಲಬದ್ಧತೆ ಇಳಿಯುವುದಿಲ್ಲ, ಮೊದಲ ಡೋಸ್ ದಿನವೇ ಮಲ ಸಡಿಲಿಸುವ ಔಷಧ ಶುರುವಾಗಬೇಕು. ದುರ್ಬಲ ಓಪಿಯಾಯ್ಡ್‌ಗಳಿಗೂ ಇದೇ ಮಾತು.

ಕಿಡ್ನಿ ಸೋತಿದ್ದರೆ ಮಾರ್ಫಿನ್‌ನ ಉಪೋತ್ಪನ್ನಗಳು ದೇಹದಲ್ಲಿ ಉಳಿದು ಕೈಕಾಲು ಅದುರುತ್ತವೆ, ಗೊಂದಲ, ಗಾಢ ಮಂಪರು ಬರುತ್ತದೆ. ಕೊಡೀನ್ ಕೂಡ ಮಾರ್ಫಿನ್ನೇ ಆಗುವುದರಿಂದ ಅಲ್ಲಿ ಅದೂ ಸುರಕ್ಷಿತವಲ್ಲ, ಫೆಂಟನಿಲ್ ಎಂಬ ಇನ್ನೊಂದು ಪ್ರಬಲ ಓಪಿಯಾಯ್ಡ್ ವಾಸಿ. ಎಬ್ಬಿಸಿದರೂ ಏಳದೆ ಉಸಿರು ತೀರಾ ನಿಧಾನವಾದರೆ ಮುಂದಿನ ಡೋಸ್ ಕೊಡದೆ ಕೂಡಲೇ ತುರ್ತು ಸಹಾಯ ಕರೆಯಿರಿ.

ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್, ನೋವು ಸ್ಥಿರವಾದವರಿಗೆ ಮಾತ್ರ. ಪೂರ್ಣ ಪರಿಣಾಮಕ್ಕೆ 12ರಿಂದ 24 ಗಂಟೆ ಬೇಕು, ಬದಲಾಯಿಸುವುದು 72 ಗಂಟೆಗೊಮ್ಮೆ. ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಪ್ಯಾಚ್ ದಿನಕ್ಕೆ ಸುಮಾರು 60ರಿಂದ 90 ಮಿ.ಗ್ರಾಂ ಮಾರ್ಫಿನ್‌ಗೆ ಸಮ, ಹಾಗಾಗಿ ಟ್ರಮಡಾಲ್‌ನಿಂದ ನೇರ ಇದಕ್ಕೆ ಹಾರುವಂತಿಲ್ಲ. ಪ್ಯಾಚ್ ಮೇಲೆ ಬಿಸಿನೀರಿನ ಚೀಲವಿಟ್ಟರೆ ಔಷಧ ವೇಗವಾಗಿ ಒಳಗಿಳಿದು ಅಪಾಯವಾದೀತು.