ಓ-ರಿಂಗಿಗೆ ಓರೆ ಬೆಳಕು

ನೀರೊಳಗೆ ಬಳಸುವ ಕ್ಯಾಮೆರಾದ ಹೌಸಿಂಗ್ (ಕ್ಯಾಮೆರಾವನ್ನು ಒಳಗಿಡುವ, ನೀರು ಹೋಗದ ಪೆಟ್ಟಿಗೆ) ಮುಚ್ಚುವ ಮುನ್ನ ಮೊಬೈಲ್ ಟಾರ್ಚನ್ನು ಓ-ರಿಂಗಿನ (ನೀರು ತಡೆಯುವ ರಬ್ಬರ್ ಬಳೆಯ) ಮಟ್ಟಕ್ಕೇ ಇಳಿಸಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು, ಹೌಸಿಂಗನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ ನೋಡಿ. ಸ್ವಚ್ಛವಾದ ರಿಂಗಿನ ಮೇಲೆ ಹೊಳಪಿನ ಗೆರೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ಅದು ತುಂಡಾದ ಕಡೆ ಕೂದಲೋ, ಟವೆಲ್ಲಿನ ಎಳೆಯೋ, ಮರಳಿನ ಕಣವೋ ಇದೆಯೆಂದೇ ತಿಳಿಯಬೇಕು. ನೀರನ್ನು ತಡೆಯುವುದು ರಿಂಗು ಕೂರುವ ತೋಡಿಗೂ ಮುಚ್ಚಳಕ್ಕೂ ನಡುವೆ ಅದುಮಿಕೊಂಡ ರಬ್ಬರೇ ಹೊರತು ಗ್ರೀಸ್ ಅಲ್ಲ. ಗ್ರೀಸ್ ರಿಂಗು ಜಾರಿ ಸರಿಯಾಗಿ ಕೂರಲು ಮಾತ್ರ ನೆರವಾಗುವುದರಿಂದ, ಕೂದಲೆಳೆಯಷ್ಟು ಸಂದು ಸಿಕ್ಕರೂ ನೀರು ಒಳಗಿಳಿಯುತ್ತದೆ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಗಾಳಿಗೆ ಏಳುವ ಎರೆಮಣ್ಣಿನ ಧೂಳು ಗ್ರೀಸಿಗೆ ಅಂಟಿದರೆ ಬಿಡಿಸುವುದು ಕಷ್ಟ. ಆದ್ದರಿಂದ ಈ ಕೆಲಸವನ್ನು ಬಾಗಲಕೋಟೆಯ ಮನೆಯಲ್ಲೇ, ಫ್ಯಾನ್ ಆರಿಸಿ, ಮುಗಿಸಿಕೊಂಡು ಹೊರಡುವುದು ಲೇಸು. ಗ್ರೀಸ್ ಹೆಚ್ಚಾದರೆ ಎಲ್ಲವೂ ಒಂದೇ ಸಮನೆ ಹೊಳೆದು ಈ ಉಪಾಯ ಕೈಕೊಡುತ್ತದೆ. ರಿಂಗಿನ ಅಡಿಯ ಕಸವನ್ನಾಗಲಿ, ತೋಡಿನ ತಳದ ಗೀರನ್ನಾಗಲಿ ಇದು ತೋರಿಸದು. ಅದಕ್ಕಾಗಿ ರಿಂಗನ್ನು ಎರಡು ಬೆರಳಿನಿಂದ ಬದಿಗೊತ್ತಿ, ಉಬ್ಬಿದ ಭಾಗವನ್ನು ಹಿಡಿದು ಹೊರತೆಗೆಯಿರಿ (ಪಿನ್ನು, ಸೂಜಿ ಖಂಡಿತ ಬೇಡ). ದುಂಡಗಿರಬೇಕಾದ ಮೈ ಚಪ್ಪಟೆಯಾಗಿದ್ದರೆ ಅಥವಾ ಎಳೆದಾಗ ಸಣ್ಣ ಬಿರುಕು ಕಂಡರೆ ರಿಂಗನ್ನು ಬದಲಾಯಿಸಲೇಬೇಕು. ಸಿಲಿಕೋನ್ ರಬ್ಬರಿನ ರಿಂಗು ಸಿಲಿಕೋನ್ ಗ್ರೀಸಿನಿಂದ ಉಬ್ಬಬಹುದಾದ ಕಾರಣ ತಯಾರಕರು ಸೂಚಿಸಿದ ಗ್ರೀಸನ್ನೇ ಬಳಸಿ. ಹೊಸ ರಿಂಗು ಕೂರಿಸಿದ ಮೇಲೆ ಕ್ಯಾಮೆರಾದ ಬದಲು ಒಣ ಟಿಶ್ಯೂ ಕಾಗದವನ್ನು ಒಳಗಿಟ್ಟು, ಹೌಸಿಂಗನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಪರೀಕ್ಷಿಸಿ.