ಗಿಟ್‌ಹಬ್ ಪೇಜಸ್‌ಗೆ ಹಾಕಿದ ವೀಟ್ ಆ್ಯಪ್ ಬರೀ ಬಿಳಿ ಪುಟ ತೋರಿಸಿದರೆ

ವೀಟ್ (Vite, ವೆಬ್ ಆ್ಯಪ್ ಬಿಲ್ಡ್ ಮಾಡುವ ಸಾಧನ) ಕಾನ್ಫಿಗ್ ಫೈಲಿನಲ್ಲಿ ‘ಬೇಸ್’ (base, ಸೈಟಿನ ಫೈಲುಗಳು ಶುರುವಾಗುವ ದಾರಿ) ಅಂತ ಒಂದು ಸಾಲು ಸೇರಿಸಿ, ರೆಪೋ (ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್ ಇರುವ ಜಾಗ) ಹೆಸರು ಕೊಡಿ, ಎರಡೂ ಬದಿಗೆ ಸ್ಲ್ಯಾಶ್ ಇರಲಿ. ರೆಪೋ ‘angadi’ ಆದರೆ ‘/angadi/’. ಮತ್ತೆ ಬಿಲ್ಡ್ ಮಾಡಿ ಏರಿಸಿ. ಸ್ಟಾರ್ಟರ್ ಟೆಂಪ್ಲೇಟಿನಲ್ಲಿ ಈ ಸಾಲು ಇರುವುದಿಲ್ಲ, ಆಗ ಬೇಸ್ ಬರೀ ‘/’ ಆಗುತ್ತೆ. ಪುಟ ತನ್ನ ಜಾವಾಸ್ಕ್ರಿಪ್ಟನ್ನು ಡೊಮೇನಿನ ಬುಡದಲ್ಲಿ ಹುಡುಕುತ್ತೆ, ಫೈಲು ಇರುವುದು ‘angadi’ ಒಳಗೆ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದರೆ 404 (ಫೈಲು ಸಿಗಲಿಲ್ಲ ಅನ್ನುವ ದೋಷ) ಕೆಂಪಗೆ ಕಾಣುತ್ತೆ. ಏರಿಸುವ ಮೊದಲು ಪ್ರಿವ್ಯೂ ಕಮಾಂಡ್ ಓಡಿಸಿ 4173ನೇ ಪೋರ್ಟಿನಲ್ಲಿ ನೋಡಿಬಿಡಿ. ಡೆವ್ ಸರ್ವರ್ ಓಡಿಸುವುದು ಬಿಲ್ಡ್ ಆದ ಫೈಲುಗಳನ್ನಲ್ಲ, ಅದನ್ನೊಂದೇ ನಂಬಬೇಡಿ. ಇಷ್ಟಕ್ಕೇ ಎಲ್ಲ ಸರಿಹೋಗುವುದಿಲ್ಲ. ಪಬ್ಲಿಕ್ ಫೋಲ್ಡರಿನ ಚಿತ್ರವನ್ನು ರಿಯಾಕ್ಟ್ ಕೋಡಿನಲ್ಲಿ ಸ್ಲ್ಯಾಶಿನಿಂದ ಶುರುಮಾಡಿ ಬರೆದಿದ್ದರೆ ವೀಟ್ ಅದನ್ನು ಮುಟ್ಟುವುದಿಲ್ಲ. ಚಿತ್ರವನ್ನು ಸೋರ್ಸ್ ಫೋಲ್ಡರಿಗೆ ತಂದು ಇಂಪೋರ್ಟ್ ಮಾಡಿ. ಪುಟಗಳ ನಡುವೆ ಓಡಾಡಲು ರಿಯಾಕ್ಟ್ ರೌಟರ್ ಇದ್ದರೆ ಅದರ ‘ಬೇಸ್‌ನೇಮ್’ಗೂ (basename) ರೆಪೋದ ಇದೇ ಹೆಸರು ಬೇಕು. ಒಳಪುಟದಲ್ಲಿ ರಿಫ್ರೆಶ್ ಒತ್ತಿದರೆ ಆಗಲೂ 404 ಬರುತ್ತೆ, ಅದಕ್ಕೆ ವಿಳಾಸದಲ್ಲಿ # ಬಳಸುವ ಹ್ಯಾಶ್ ರೌಟರ್ ಸುಲಭ. ರೆಪೋಗೆ ಸ್ವಂತ ಡೊಮೇನ್ ಜೋಡಿಸಿದ್ದರೆ ಮಾತ್ರ ಈ ‘ಬೇಸ್’ ಸಾಲು ಬೇಡವೇ ಬೇಡ, ಹಾಕಿದರೆ ಮತ್ತೆ ಬಿಳಿ ಪುಟ.